ಸಾರಿಗೆ ಬೆರೆಸಿದ ಬೇರು

"ಅಲ್ಲೇ ನಿಲ್ಲು! ಆ ಬುತ್ತಿ ಇಲ್ಲಿ ಬಿಚ್ಚಬ್ಯಾಡ. ನಿನ್ನ ಕೈ ಊಟ ಇನ್ನು ಈ ಜನ್ಮದಾಗೆ ಬ್ಯಾಡ ನಂಗೆ!"

ಸಣ್ಣಬೀರಪ್ಪನ ದನಿಗೆ ಕುರಿಗಳೂ ತಲೆಯೆತ್ತಿದವು. ಗುತ್ಯಮ್ಮ ಗದ್ದೆಯ ಬದುವಿನ ಮೇಲೇ ನಿಂತುಬಿಟ್ಟಳು. ತಾಳಗುಂದದಿಂದ ಉಳವಿಯವರೆಗೆ ಬಸ್ಸಿನಲ್ಲಿ ಕುಲುಕಿ ಕುಲುಕಿ ಬಂದವಳಿಗೆ ಕಟ್ಟಿಕೊಂಡ ಗಂಡನ ಮೊದಲ ಮಾತು ಇದು ನೋಡಿ!

ಎಷ್ಟು ಇಳಿದುಹೋಗಿದ್ದಾರೆ... ಕೈ ಹೇಗೆ ನಡುಗುತ್ತಿದೆ! ಎಂದುಕೊಂಡಳು ಅವಳು.

ಅದು ಐವತ್ತೆಂಟನೇ ಇಸವಿಯ ಸುಗ್ಗಿ. ಕೊಯ್ಲಾದ ಗದ್ದೆಗಳಲ್ಲಿ ಗೊಬ್ಬರಕ್ಕೆಂದು ಕುರಿ ನಿಲ್ಲಿಸಲು ಅವನು ಪ್ರತಿ ವರ್ಷ ಸೊರಬದ ಈ ಉಳವಿ ಕಡೆಗೇ ಬರುತ್ತಿದ್ದ. ಈ ಸಲ ಹೆಂಡತಿಗೆ ಒಂದು ಮಾತೂ ಹೇಳದೆ ಬಂದಿದ್ದ.

ಕಾರಣ ಕುಡಿತ. ಕಳ್ಳಭಟ್ಟಿ ಬಿಡಿಸಲು ಅವಳು ಮಾಡದ್ದೇನು ಉಳಿದಿತ್ತು ಹೇಳಿ? ದೇವರ ಮುಂದೆ ಆಣೆ ಹಾಕಿಸಿದಳು. ತಾಯಿತ ಕಟ್ಟಿಸಿದಳು. ಅತ್ತು ಅತ್ತು ಸಾಕಾಯಿತು. ಕೊನೆಗೆ ನಾಟಿ ಔಷಧಿಯವನೊಬ್ಬ ಕೊಟ್ಟ ಬೇರನ್ನು ತೇದು, ಗಂಡನಿಗೆ ತಿಳಿಯದಂತೆ ಸಾರಿಗೆ ಬೆರೆಸಿದಳು. ಅವನು ದಿನವಿಡೀ ವಾಂತಿ ಮಾಡಿ, ಪ್ರಾಣ ಹೋದಂತೆ ಬಿದ್ದುಕೊಂಡ.

ಹೆಂಗಸು ಊಟದಲ್ಲಿ ಗುಟ್ಟಾಗಿ ಏನಾದರೂ ಬೆರೆಸಿದಳೆಂದರೆ ಆ ಕಡೆಯ ಜನಕ್ಕೆ ಬೇರೆ ಅರ್ಥವೇ ಇಲ್ಲ. ಮದ್ದು ಹಾಕಿದಳು, ಗಂಡನನ್ನು ಕೊಲ್ಲಲು ನೋಡಿದಳು!

"ಹಾಕಿದೆಯಾ?" ಎಂದು ಅವನು ಕೇಳಿದಾಗ ಗುತ್ಯಮ್ಮ ಹೆದರಿ "ಇಲ್ಲ" ಎಂದುಬಿಟ್ಟಿದ್ದಳು. ಅವಳ ಮುಖ ನೋಡಿದರೇ ಸುಳ್ಳೆಂದು ತಿಳಿಯುತ್ತಿತ್ತು.

ಈಗ ಇನ್ನೊಂದು ಸುಳ್ಳು ಹೇಳುವಷ್ಟು ಶಕ್ತಿಯೂ ಅವಳಲ್ಲಿ ಉಳಿದಿರಲಿಲ್ಲ.

"ಹೌದು ರೀ... ನಾನೇ ಹಾಕಿದ್ದು."

"ನಾ ಸಾಯ್ಲಿ ಅಂತ ಅಲ್ವೇನೆ?"

"ಬದುಕ್ಲಿ ಅಂತ!" ಅವಳು ಬುತ್ತಿಯನ್ನು ಬದುವಿನ ಮೇಲಿಟ್ಟಳು. "ಕುಡಿಯೋದು ಬಿಡ್ತೀರಿ ಅಂದ ಆ ಬೇರು ಕೊಟ್ಟೋನು, ನಂಬಿದೆ. ನನ್ನಂಥ ದಡ್ಡಿ ಇನ್ನೊಬ್ಳಿಲ್ಲ. ಶಿಕಾರಿಪುರದ ಆಸ್ಪತ್ರೆಗೆ ಹೋಗಿ ಎಲ್ಲಾ ಹೇಳ್ದೆ. ಡಾಕ್ಟ್ರು ಚೆನ್ನಾಗಿ ಬೈದ್ರು. 'ಗುಟ್ಟಾಗಿ ಹಾಕೋ ಬೇರಿಗೆ ಕುಡಿತ ಬಿಡೋದಿಲ್ಲಮ್ಮ, ಜೀವ ಹೋಗ್ತದೆ. ಅವರೇ ಒಪ್ಪಿ ಬರಬೇಕು' ಅಂದ್ರು."

ಅವನು ತಲೆ ತಗ್ಗಿಸಿದ. "ನಾನೂ ಬಿಡಾಕೆ ನೋಡ್ದೆ ಗುತ್ಯಮ್ಮ. ಇಲ್ಲಿಗೆ ಬಂದ್ಮ್ಯಾಗೆ. ಮೈಯೆಲ್ಲ ನಡುಗಿ, ಇಲ್ಲದ್ದೆಲ್ಲ ಕಣ್ಮುಂದೆ ಬಂದಂಗಾತು... ಮತ್ತೆ ಕುಡ್ದೆ. ನಾ ಗಂಡಸೇ ಅಲ್ಲ ಬಿಡು."

"ಹಂಗನ್ಬ್ಯಾಡ್ರಿ! ಇದು ಕಾಯಿಲೆ ಅಂತೆ. ಒಬ್ರೇ ಒಂದೇಟಿಗೆ ಬಿಟ್ರೆ ಅಪಾಯ ಅಂತೆ. ಆಸ್ಪತ್ರೆಯಾಗೆ ಮಲಗಿಸ್ಕೊಂಡು, ನಡುಕಕ್ಕೆ ಸೂಜಿ ಹಾಕ್ತಾರೆ. ಅಲ್ಲಿ ಆಗ್ಲಿಲ್ಲ ಅಂದ್ರೆ ಶಿವಮೊಗ್ಗಕ್ಕೆ ಕಳಿಸ್ತಾರೆ."

"ಕುರಿ?"

"ನಿಮ್ಮ ದೊಡ್ಡಪ್ಪನ ಮಗ ಕರಿಯಣ್ಣನಿಗೆ ಹೇಳೇ ಬಂದೀನಿ. ನಾಳೆ ಬರ್ತಾನೆ."

ಎಲ್ಲಾ ಹೇಳಿ ಮುಗಿಸಿ ಅವಳು ಬದುವಿನ ಮೇಲೆ ಕುಸಿದು ಕುಳಿತಳು. ಇವರು ಬಾರದಿದ್ದರೆ ನಾನು ಯಾವ ಮುಖ ಹೊತ್ತು ಮನೆಗೆ ಹೋಗಲಿ...

ಸಣ್ಣಬೀರಪ್ಪ ನಿಧಾನ ಬಂದು ಪಕ್ಕದಲ್ಲಿ ಕೂತ. ತಾನೇ ಬುತ್ತಿಯ ಗಂಟು ಬಿಚ್ಚಿದ. ರೊಟ್ಟಿ, ಹುಚ್ಚೆಳ್ಳು ಚಟ್ನಿ.

ಗುತ್ಯಮ್ಮ ತಟ್ಟನೆ ಒಂದು ತುಂಡು ಮುರಿದಳು. "ತಡೀರಿ, ಮೊದ್ಲು ನಾ ತಿಂದು ತೋರಿಸ್ತೀನಿ."

ಅವನು ಅವಳ ಕೈ ಹಿಡಿದ. "ಬ್ಯಾಡ."

ಅವಳ ಕೈಯಲ್ಲಿದ್ದ ಆ ತುಂಡನ್ನು ಹಾಗೆಯೇ ತನ್ನ ಬಾಯಿಗೆ ಒಯ್ದುಕೊಂಡ. ಅವಳಿಗೆ ಅಳು ತಡೆಯಲಾಗಲಿಲ್ಲ.

"ಆಸ್ಪತ್ರೆಯಾಗೆ ನೀನೂ ಇರ್ತೀಯಾ?"

"ಇರ್ತೀನಿ."

"ಬಂದ್ಮ್ಯಾಗೆ ಮತ್ತೆ ಕುಡಿದ್ರೆ?"

"ಮತ್ತೆ ಕರ್ಕೊಂಡು ಹೋಗ್ತೀನಿ." ಅವಳು ಸೆರಗಿನಿಂದ ಕಣ್ಣೊರೆಸಿಕೊಂಡಳು. "ನಂಗೆ ಸಾಕಾಗೈತಿ ರೀ... ಆದ್ರೂ ಕರ್ಕೊಂಡು ಹೋಗ್ತೀನಿ."

"ಹಂಗಾದ್ರೆ ಇನ್ನೊಂದು ತುತ್ತು ಕೊಡು," ಎಂದ ಅವನು.