ನಾಲ್ಕೂ ಹತ್ತರ ಭಾರ

ಸೇತುವೆಗಳ ತಪಾಸಣೆ ನನ್ನ ಕೆಲಸ. ಹದಿನೆಂಟು ವರ್ಷ ಅದನ್ನೇ ಮಾಡಿ ಸಾಕಾಗಿದೆ. ಕತೆ ಕಟ್ಟಿ ಹೇಳುವಷ್ಟು ಉತ್ಸಾಹ ಉಳಿದಿಲ್ಲ.

ಅಮೆರಿಕದ ರಾಲೀ ನಗರದಿಂದ ಎರಡು ಗಂಟೆ ದೂರದ ಹಳ್ಳಿಯಲ್ಲಿ 1911ರ ಕಬ್ಬಿಣದ ಸೇತುವೆಯೊಂದಿತ್ತು. ವಾಹನ ಸಂಚಾರ ನಿಲ್ಲಿಸಿ ಹನ್ನೆರಡು ವರ್ಷವಾಗಿತ್ತು, ಮೇಲಿನ ಮರದ ಹಲಗೆಗಳನ್ನೂ ಕಿತ್ತಿದ್ದರು. ಕೆಡವುವ ಮೊದಲು ಅದರ ಬಲ ನೋಡಲೆಂದು ಕಳೆದ ಜುಲೈಯಲ್ಲಿ ಒಂದು ತೊಲೆಗೆ ಭಾರ ಅಳೆಯುವ ಸೆನ್ಸರ್ ಕೂರಿಸಿದೆ. ಅದರ ಲೆಕ್ಕದಲ್ಲಿ ದಿನವೂ ಮಧ್ಯಾಹ್ನ ನಾಲ್ಕೂ ಹತ್ತಕ್ಕೆ ಸುಮಾರು ಒಂದು ಟನ್ ಭಾರ ಸೇತುವೆ ಹತ್ತಿ, ನಿಧಾನವಾಗಿ ದಾಟಿ ಇಳಿಯುತ್ತಿತ್ತು.

"ಸೆನ್ಸರ್ ಕೆಟ್ಟಿರ್ಬೇಕು, ಚೇಂಜ್ ಮಾಡಿ," ಎಂದರು ಮ್ಯಾನೇಜರ್ ತಾರಾನಾಥ.

"ಎರಡು ಸಲ ಮಾಡ್ದೆ. ಅದೇ ಬರ್ತಿದೆ."

ಒಂದು ದಿನ ಆ ಹೊತ್ತಿಗೆ ಅಲ್ಲೇ ನಿಂತೆ. ಇಲ್ಲದ ಹಲಗೆಗಳು ಒಂದೊಂದಾಗಿ ಸದ್ದು ಮಾಡಿದವು. ಬಿಸಿಲಿಗೆ ಕಾದಿದ್ದ ಕಂಬಿ ನನ್ನ ಅಂಗೈಯಡಿ ತಣ್ಣಗಾಗಿ, ಮತ್ತೆ ಕಾಯಿತು. ನನ್ನ ಗ್ರೀನ್ ಕಾರ್ಡ್ ಇನ್ನೂ ಬಂದಿಲ್ಲ, ಕೆಲಸ ಹೋದರೆ ದೇಶ ಬಿಡಬೇಕು. ರಿಪೋರ್ಟಿನಲ್ಲಿ ದೆವ್ವ ಎಂದು ಬರೆಯಲಾದೀತೇ? ಸೆನ್ಸರ್ ದೋಷ ಎಂದು ಬರೆದು ಸಹಿ ಹಾಕಿದೆ.

ಕಳೆದ ವಾರ ಸೇತುವೆಯನ್ನು ಬಿಚ್ಚಿದರು. ಆ ತೊಲೆ ಸೆನ್ಸರ್ ಸಮೇತ ನಮ್ಮ ಯಾರ್ಡಿನ ಹುಲ್ಲಿನ ಮೇಲೆ ಬಿದ್ದಿದೆ. ಇವತ್ತೂ ನಾಲ್ಕೂ ಹತ್ತಕ್ಕೆ ಭಾರ ಹತ್ತಿತು.

ಈಗ ಗಂಟೆ ಆರು. ಅದು ಇನ್ನೂ ಇಳಿದಿಲ್ಲ.