ನಾಲಿಗೆ ಸಾಹೇಬ ಉರುಳಿಸಿದ ಗ್ಲಾಸು

ಗ್ಲಾಸು ಉರುಳಿತು!

ಬಿಳಿ ಮೇಜುಬಟ್ಟೆಯ ಮೇಲೆ ಕೆಂಪು ವೈನ್ ಹರಿದು, ಅಂಚಿನಿಂದ ತೊಟ್ಟಿಕ್ಕಿ, ಅವಳ ಹೊಸ ಚಪ್ಪಲಿಯ ಮೇಲೆ ಬಿತ್ತು. ಸಭಾಂಗಣದಲ್ಲಿದ್ದವರೆಲ್ಲ ತಿರುಗಿ ನೋಡಿದರು.

ಗ್ಲಾಸು ತಾನಾಗಿ ಬಿದ್ದಿರಲಿಲ್ಲ. ಎದುರಿಗಿದ್ದವನ ಮೊಣಕೈ ಬೇಕೆಂದೇ ಅದನ್ನು ತಳ್ಳಿದ್ದನ್ನು ಅವಳು ಕಣ್ಣಾರೆ ಕಂಡಿದ್ದಳು!

"ಕ್ಷಮಿಸಿ, ಕೈ ತಾಗಿಬಿಡ್ತು," ಎಂದ ಅವನು, ಯಾರ ಮುಖವನ್ನೂ ನೋಡದೆ.

"ಕೈ ತಾಗ್ತಾ? ನಾನು ನೋಡ್ತಾನೇ ಇದ್ದೆ! ನೀವು..."

"ಸುಮ್ನಿರು ಮಗಳೇ," ಅಪ್ಪ ಅವಳ ತೋಳು ಹಿಡಿದರು.

ಅವನು ಅಷ್ಟಕ್ಕೇ ಬಿಡಲಿಲ್ಲ. ಮೇಜಿನ ಮೇಲಿದ್ದ ಬಾಟಲಿಯನ್ನೂ ಕಂಕುಳಲ್ಲಿ ಇಟ್ಟುಕೊಂಡ. "ಬೇರೆ ಬಾಟಲಿ ತೆಗೀರಿ. ನಿಮ್ಮ ಮಗಳೇ ತೆಗೀಲಿ," ಎಂದವನೇ ಹಿಂಬದಿಯ ಕೋಣೆಗೆ ನಡೆದುಬಿಟ್ಟ.

ಎಷ್ಟು ಸೊಕ್ಕು!

ಬೆಟ್ಟದ ಇಳಿಜಾರಿನಲ್ಲಿ ದ್ರಾಕ್ಷಿ ಬೆಳೆಯುವ ಒಂಬತ್ತು ಕುಟುಂಬಗಳು ಅಂದು ತಂತಮ್ಮ ವೈನ್ ತಂದಿದ್ದವು. ಮನೆಗೊಂದು ಮೇಜು; ಅಪ್ಪನದು ನಾಲ್ಕನೆಯದು. ರುಚಿ ನೋಡಿ ಅಂಕ ಕೊಡಲು ಮೂವರು ಪರೀಕ್ಷಕರು. ಗ್ಲಾಸು ಉರುಳಿಸಿದವನು ಅವರಲ್ಲೊಬ್ಬ. ಆ ಚಳಿಯಲ್ಲಿ ದ್ರಾಕ್ಷಿ ಹಣ್ಣಾಗುವುದು ನಿಧಾನ. ಹಾಗಾಗಿ ಅಲ್ಲಿಯ ವೈನಿಗೆ ಬಣ್ಣ ತೆಳು, ನಾಲಿಗೆಯ ಅಂಚಿಗೆ ಚುರುಕು ಹುಳಿ, ಜೀವವೆಲ್ಲ ಪರಿಮಳದಲ್ಲಿ. ಆ ಪರಿಮಳದ ಎಳೆ ಎಳೆ ಬಿಡಿಸಿ ಹೇಳಬಲ್ಲವನೆಂದು ಇವನಿಗೆ 'ನಾಲಿಗೆ ಸಾಹೇಬ' ಎಂದೇ ಹೆಸರು.

ಅವಳನ್ನು ಅವಮಾನಕ್ಕಿಂತ ಹೆಚ್ಚು ಸುಟ್ಟದ್ದು ಬೇರೆಯೇ ಸಂಕಟ. ಈ ಮನುಷ್ಯನನ್ನು ಅವಳು ನೋಡಿದ್ದು ಇದೇ ಮೊದಲು. ಆದರೆ ಅವನ ಪತ್ರಗಳಿಗಾಗಿ ವರ್ಷವಿಡೀ ಬಾಗಿಲು ಕಾದಿದ್ದಳು!

ಎರಡು ಚಳಿಗಾಲಗಳ ಹಿಂದೆ ಬಂದ ಜ್ವರ ಅಪ್ಪನ ಮೂಗಿನಿಂದ ವಾಸನೆಯನ್ನೇ ಕಿತ್ತುಕೊಂಡು ಹೋಗಿತ್ತು. ಅಂದಿನಿಂದ ಪೀಪಾಯಿಗಳ ಮುಂದೆ ನಿಂತದ್ದು ಅವಳು. ಯಾವಾಗ ಕೊಯ್ಯಬೇಕು, ಯಾವುದಕ್ಕೆ ಯಾವುದನ್ನು ಬೆರೆಸಬೇಕು, ಎಲ್ಲವೂ ಅವಳದೇ ತೀರ್ಮಾನ. ಬಾಟಲಿಯ ಚೀಟಿಯ ಮೇಲೆ ಮಾತ್ರ ಅಪ್ಪನ ಹೆಸರು.

"ವಾಸನೆ ಗೊತ್ತಾಗದವನ ವೈನ್ ಯಾರು ಕೊಳ್ತಾರೆ? ಯಾರಿಗೂ ಹೇಳಬೇಡ," ಎಂದಿದ್ದರು ಅಪ್ಪ. ಅವರಿಬ್ಬರನ್ನು ಬಿಟ್ಟರೆ ಗುಟ್ಟು ಗೊತ್ತಿದ್ದುದು ಸೋದರತ್ತೆಗೆ ಮಾತ್ರ.

ಅಂಥದ್ದರಲ್ಲಿ ನಾಲಿಗೆ ಸಾಹೇಬನ ಪತ್ರ ಬಂದಿತ್ತು. 'ಯಜಮಾನರೇ, ನಿಮ್ಮ ಕೈ ಬದಲಾಗಿದೆ. ಮೊದಲಿಗಿಂತ ಚೆನ್ನಾಗಿದೆ. ಏನು ಮಾಡಿದಿರಿ?'

ಅಪ್ಪನ ಹೆಸರಲ್ಲಿ ಉತ್ತರ ಬರೆದದ್ದು ಅವಳು. ಹಿಮ ಬಿದ್ದ ಮುಂಜಾವು ಚಿಗುರು ಉಳಿಸಿಕೊಂಡ ಕಥೆ, ಪೀಪಾಯಿಗೆ ಕಿವಿಯಿಟ್ಟು ಹುದುಗಿನ ಸದ್ದು ಕೇಳಿದ ಕಥೆ... ಹೀಗೆ ಹನ್ನೊಂದು ಪತ್ರಗಳು. ಒಮ್ಮೆ ಅವನು ಬರೆದಿದ್ದ: 'ನಿಮ್ಮ ಪತ್ರ ಬಂದ ದಿನ ನನಗೆ ಬೇರೆ ಕೆಲಸವೇ ಹತ್ತುವುದಿಲ್ಲ.'

ಅದನ್ನು ಓದಿ ಅವಳು ನಕ್ಕಿದ್ದಳು, ಆಮೇಲೆ ಅತ್ತಿದ್ದಳು. ಅಷ್ಟು ಅಕ್ಕರೆ... ಅದೂ ಅರವತ್ತೆಂಟರ ಅಪ್ಪನಿಗೆ!

ಊಟದ ವಿರಾಮ ಸಿಕ್ಕಿದ್ದೇ ತಡ, ಅವಳು ಹಿಂಬದಿಯ ಕೋಣೆಗೆ ನುಗ್ಗಿದಳು. ಅವನೊಬ್ಬನೇ ಗ್ಲಾಸು ತೊಳೆಯುವ ತೊಟ್ಟಿಯ ಪಕ್ಕ ನಿಂತಿದ್ದ. ಅಪ್ಪನ ಮೇಜಿನಿಂದ ಒಯ್ದ ಬಾಟಲಿ ಕಟ್ಟೆಯ ಮೇಲಿತ್ತು.

"ನಿಮಗೆ ಇಷ್ಟವಾಗದಿದ್ರೆ ಅಂಕ ಕೊಡಬೇಡಿ. ಅಷ್ಟು ಜನರ ಮುಂದೆ ಚೆಲ್ಲೋ ಹಕ್ಕು ಯಾರು ಕೊಟ್ರು ನಿಮಗೆ?"

ಅವನು ಬಾಟಲಿಯನ್ನು ಅವಳತ್ತ ಸರಿಸಿದ. "ಮೂಸಿ ನೋಡಿ."

ಮೂಸಿದಳು. ಅವಳ ಮುಖ ಬಿಳಿಚಿಕೊಂಡಿತು.

ಒದ್ದೆ ರಟ್ಟು... ಬೂಷ್ಟು ಹಿಡಿದ ಗೋಣಿ... ಬಿರಡೆ ಕೆಟ್ಟು ಇಡೀ ಬಾಟಲಿ ಹಾಳಾಗಿತ್ತು!

"ಇವತ್ತು ನಾನೇ ಸುರೀತೀನಿ ಅಂತ ಅಪ್ಪ ಹಟ ಹಿಡಿದ್ರು..." ಅವಳು ಬಾಟಲಿ ಕೆಳಗಿಟ್ಟಳು.

"ಇದನ್ನೇ ಮೂಸಿ ನಿಮ್ಮಪ್ಪ 'ಆಹಾ, ಎಂಥಾ ಪರಿಮಳ!' ಅಂದ್ರು. ಅವರು ಸುರಿದ ಗ್ಲಾಸಿಗೆ ಪರೀಕ್ಷಕರ ಅಧ್ಯಕ್ಷೆ ಕೈ ಚಾಚಿದ್ರು. ಅವರು ಮೂಸಿದ್ರೆ..." ಅವನು ತಲೆ ತಗ್ಗಿಸಿದ. "ಇನ್ನೇನೂ ಹೊಳೀಲಿಲ್ಲ. ಚೆಲ್ಲಿಬಿಟ್ಟೆ. ನಿಮ್ಮಪ್ಪನಿಗೆ ಎಷ್ಟು ದಿನದಿಂದ ಹೀಗೆ?"

"ಎರಡು ವರ್ಷ."

"ಹಾಗಾದ್ರೆ ಈ ವೈನ್?"

"ನಾನೇ."

ಅವನ ಕಣ್ಣು ಅಗಲವಾಯಿತು. "ಮತ್ತೆ... ಪತ್ರಗಳು?"

ಅವಳು ಹೌದೆಂದು ತಲೆಯಾಡಿಸಿದಳು.

ಅವನು ಬೋರಲಿಟ್ಟಿದ್ದ ಪೆಟ್ಟಿಗೆಯ ಮೇಲೆ ಕುಸಿದು ಕುಳಿತ. "ಆ ಮುದುಕಪ್ಪನ ಪತ್ರಕ್ಕೆ ಯಾಕೋ ಹೀಗೆ ಪೋಸ್ಟ್‌ಮ್ಯಾನ್ ದಾರಿ ಕಾಯ್ತೀಯಾ ಅಂತ ನನ್ನ ತಮ್ಮ ನಗ್ತಿದ್ದ..." ಎಂದವನ ಕಿವಿಗಳು ಕೆಂಪಾದವು.

ಅಷ್ಟರಲ್ಲಿ ಗಂಟೆ ಬಾರಿಸಿತು. ಇಬ್ಬರೂ ಸಭಾಂಗಣಕ್ಕೆ ಧಾವಿಸಿದರು.

ಸಂಜೆಯ ಹೊತ್ತಿಗೆ ಎಲ್ಲರೂ ಫಲಿತಾಂಶಕ್ಕೆ ಕೂತರು. ಅಧ್ಯಕ್ಷೆಯ ಕೈಯಲ್ಲಿ ಮೂರು ಹಾಳೆ. ಮುಂದಿನ ಸಾಲಿನಲ್ಲಿದ್ದ ಅತ್ತೆ ಕತ್ತು ಉದ್ದ ಮಾಡಿ ನೋಡಿದವಳೇ ಅವಳನ್ನು ಚಿವುಟಿದಳು.

"ಲೇ! ಆ ನಾಲಿಗೆ ಸಾಹೇಬ ಹಾಳೆಗೆ ಗೀಟು ಎಳೆದುಬಿಟ್ಟಿದ್ದಾನೆ ಕಣೇ!"

ಅವಳೂ ನೋಡಿದಳು. ನಿಜ. ಮೇಲಿಂದ ಕೆಳಗೆ ದಪ್ಪನೆಯ ಗೀಟು! ಗುಟ್ಟೆಲ್ಲ ತಿಳಿದುಕೊಂಡು... ಈಗ ಹೀಗಾ? ನಂಬಿ ಕೆಟ್ಟೆನಲ್ಲಾ!

ಅಧ್ಯಕ್ಷೆ ಕನ್ನಡಕ ಸರಿಪಡಿಸಿಕೊಂಡು ಓದಿದರು: "ಪರೀಕ್ಷಕರೊಬ್ಬರು ತಮ್ಮ ಅಂಕಗಳನ್ನೆಲ್ಲ ವಾಪಸು ಪಡೆದಿದ್ದಾರೆ. ಕಾರಣ... 'ನಾಲ್ಕನೇ ಮೇಜಿನ ವೈನ್ ಮಾಡಿದವರ ವಿಷಯದಲ್ಲಿ ನನ್ನ ಮನಸ್ಸು ನನ್ನ ಹತ್ತಿರ ಇಲ್ಲ. ನಾನು ತೀರ್ಪು ಕೊಟ್ಟರೆ ಅನ್ಯಾಯವಾಗುತ್ತದೆ.'"

ಇಡೀ ಸಭೆ ಅಪ್ಪನತ್ತ ತಿರುಗಿತು. ನಾಲ್ಕನೇ ಮೇಜಿನ ವೈನ್ ಮಾಡಿದವರೆಂದರೆ ಅಪ್ಪ ತಾನೇ?

"ಅಯ್ಯೋ, ಇವರೆಲ್ಲ ನಮ್ಮಣ್ಣನ ಮೇಲೆ ಅಂದ್ಕೊಂಡ್ರಲ್ಲೇ!" ಅತ್ತೆ ಬಾಯಿಗೆ ಸೆರಗು ಒತ್ತಿಕೊಂಡಳು.

ಅಪ್ಪ ನಿಧಾನವಾಗಿ ಎದ್ದು ನಿಂತರು. ಅವಳು ಅವರ ತೋಳು ಹಿಡಿದಳು. "ಅಪ್ಪಾ, ಬೇಡ..."

"ಇರಲಿ ಬಿಡು ಮಗಳೇ." ಅವರು ಸಭೆಯತ್ತ ತಿರುಗಿದರು. "ನಲವತ್ತು ವರ್ಷ ವೈನ್ ಸುರಿದವನು ನಾನು. ತಾಗಿದ ಕೈ ಯಾವುದು, ತಳ್ಳಿದ ಕೈ ಯಾವುದು ಅಂತ ಗೊತ್ತಾಗುತ್ತೆ. ಒಬ್ಬ ಪರರ ಮಗ ನನ್ನ ಮರ್ಯಾದೆ ಉಳಿಸೋಕೆ ತನ್ನ ಮರ್ಯಾದೆ ಚೆಲ್ಲಿಕೊಂಡ. ನಾನು ಇನ್ನೂ ಸುಳ್ಳು ಹೇಳ್ಕೊಂಡು ಕೂತ್ರೆ ಹೇಗೆ? ನನಗೆ ಎರಡು ವರ್ಷದಿಂದ ವಾಸನೆ ಇಲ್ಲ. ಈ ವೈನ್ ಮಾಡಿದ್ದು ನನ್ನ ಮಗಳು."

ಮೊದಲು ಎದ್ದವನು ಪಕ್ಕದ ಮೇಜಿನ ಮುದುಕ, ಅಪ್ಪನ ಜೊತೆ ಮೂವತ್ತು ವರ್ಷ ಪೈಪೋಟಿ ನಡೆಸಿದವನು. ಬಂದು ಅಪ್ಪನ ಬೆನ್ನಿಗೆ ಗುದ್ದಿದ. "ಕತ್ತೆ! ನನಗೆ ಹೇಳಬಾರದಾಗಿತ್ತಾ?" ಅಪ್ಪ ಮಗುವಿನಂತೆ ಅತ್ತುಬಿಟ್ಟರು.

ಉಳಿದಿಬ್ಬರ ಅಂಕ ಕೂಡಿ ನಾಲ್ಕನೇ ಮೇಜಿಗೆ ಎರಡನೇ ಸ್ಥಾನ ಬಂತು. ಅಧ್ಯಕ್ಷೆ ಬಹುಮಾನದ ಪಟ್ಟಿಯಲ್ಲಿ ಅಪ್ಪನ ಹೆಸರು ಹೊಡೆದುಹಾಕಿ, ಅವಳನ್ನು ಕೇಳಿಯೇ ಅವಳ ಹೆಸರು ಬರೆದರು.

ಹೊರಗೆ ವ್ಯಾನಿಗೆ ಪೆಟ್ಟಿಗೆ ಏರಿಸುವಾಗ ಅವನು ಬಂದು ಇನ್ನೊಂದು ತುದಿ ಹಿಡಿದ.

"ನಿಮ್ಮ ಅಂಕ ಇದ್ದಿದ್ರೆ ಮೊದಲನೇ ಸ್ಥಾನ ಬರ್ತಿತ್ತು," ಎಂದಳು, ಹುಸಿಮುನಿಸಿನಿಂದ.

"ಬರ್ತಿತ್ತು. ಆದ್ರೆ ಆಮೇಲೆ ನಿಮ್ಮ ಮುಂದೆ ಹೀಗೆ ನಿಂತು ಮಾತಾಡೋಕೆ ನನಗೆ ಮುಖ ಇರ್ತಿರಲಿಲ್ಲ."

"ಏನು ಮಾತು?"

ಅವನು ಪೆಟ್ಟಿಗೆ ಕೆಳಗಿಟ್ಟ. "ನನಗೆ ನೀವು ಬೇಕು. ಸುತ್ತಿಬಳಸಿ ಹೇಳೋಕೆ ಬರಲ್ಲ."

ಅವಳ ಕಣ್ಣು ತುಂಬಿ ಬಂತು. "ಇವತ್ತು ಬೆಳಿಗ್ಗೆ ನಿಮ್ಮನ್ನ ಕೊಂದುಹಾಕಬೇಕು ಅನ್ನಿಸಿತ್ತು..."

"ಈಗ?"

"ಈಗ... ಹೋಗಬೇಡಿ ಅನ್ನಿಸ್ತಿದೆ."

ವ್ಯಾನಿನ ಒಳಗಿಂದ ಅತ್ತೆ ಕೂಗಿದಳು, "ಅವನನ್ನೂ ಹತ್ತಿಸ್ಕೊಳೇ! ನಾಳೆ ಬೆಳಿಗ್ಗೆ ಮೂರು ಸಾಲು ಕಳೆ ಕೀಳೋದಿದೆ!"

"ನನಗೆ ಕಳೆ ಕಿತ್ತು ಗೊತ್ತಿಲ್ಲ," ಎಂದ ಅವನು ಮೆಲ್ಲಗೆ.

"ನಾನು ಹೇಳ್ಕೊಡ್ತೀನಿ," ಎಂದು ಅವಳು ಪಕ್ಕಕ್ಕೆ ಸರಿದು ಜಾಗ ಮಾಡಿಕೊಟ್ಟಳು.