ಏಳುಸೂಜಿ ಮನೆತನದವಳು

"ಈ ಏಳುಸೂಜಿ ಅನ್ನೋದು... ನಿಮ್ಮ ಮನೆತನದ ಹೆಸರಾ?"

ಹೊಲಿಗೆ ಅಂಗಡಿಯ ಹೊಸ್ತಿಲಲ್ಲೇ ನಿಂತು, ಫಲಕದಿಂದ ಕಣ್ಣು ಕೀಳದೆ ಕೇಳಿದ ಹೊಸ ಮೇಷ್ಟ್ರ ಮುಖ ಬಿಳಿಚಿಕೊಂಡಿತ್ತು.

"ಹೌದು. ಯಾಕೆ?"

"ಸುಮ್ನೆ..." ಹೊಲಿಯಲು ತಂದ ಅಂಗಿಯನ್ನು ಅಂಗಡಿಯವಳ ಮುಂದಿಟ್ಟು ಸರಸರನೆ ಹೊರಟೇಹೋದ.

ಸುಮ್ಮನೆಯಂತೆ! ಅವಳ ಎದೆ ಡವಗುಟ್ಟಿತು. ಆ ಪ್ರಶ್ನೆಗೋ, ಆ ಕಣ್ಣುಗಳಿಗೋ... ತಿಳಿಯಲಿಲ್ಲ.

ಆಮೇಲೆ ಅವನು ಆಗಾಗ ಬರತೊಡಗಿದ. ಕಿತ್ತುಹೋದ ಗುಂಡಿ ಒಂದು ನೆಪ. ಆ ದಾರವೋ, ಕತ್ತರಿಯಲ್ಲಿ ಕತ್ತರಿಸಿದಷ್ಟು ನೀಟು!

"ನಿಮ್ಮ ತಾತ ಎಲ್ಲಿಂದ ಬಂದೋರು? ಅವರಿಗೆ ಅಣ್ಣತಮ್ಮಂದಿರು ಇದ್ರಾ?"

ಗುಂಡಿಗೊಂದು ಪ್ರಶ್ನೆ.

ಅಪ್ಪ ಹೋದ ಮೇಲೆ ಅವಳಿಗೂ ಸೋದರತ್ತೆಗೂ ಈ ಅಂಗಡಿಯೇ ಆಸರೆ. ಹಳೇ ಸಂಬಂಧ ಕೆದಕಿ ಪಾಲು ಕೇಳಲು ಬಂದವನಾ? ನಗುನಗುತ್ತಲೇ ಕತ್ತು ಕೊಯ್ಯುವವನಾ? ಹಾಗಂದುಕೊಳ್ಳುತ್ತಲೇ ಸಂಜೆಯಾದರೆ ಕಣ್ಣು ಬೀದಿಯತ್ತ ಹೊರಳುತ್ತಿತ್ತು. ಥೂ, ನನಗೇನಾಗಿದೆ!

ಒಂದು ದಿನ ಅಂಚೆಯವನು ಬಾಯಿಬಿಟ್ಟ.

"ಆ ಮೇಷ್ಟ್ರೂ ಏಳುಸೂಜಿ ಮನೆತನದೋರೇ ಕಣಮ್ಮಾ. ನಿಂಗೆ ಹೇಳಿಲ್ವಾ?"

ಅಂದರೆ... ಅನುಮಾನ ನಿಜ!

ಸಂಜೆ ಅವನು ಒಳಗೆ ಕಾಲಿಟ್ಟ ಕೂಡಲೇ ಸಿಡಿದಳು. "ಹೆಸರು ಮುಚ್ಚಿಟ್ಟು ಆಡಿದ ನಾಟಕ ಸಾಕು! ಅಂಗಡೀಲಿ ಪಾಲು ಬೇಕಿದ್ರೆ ನೇರವಾಗಿ ಕೇಳಿ!"

"ಪಾಲಾ?!" ಅವನು ಕಕ್ಕಾಬಿಕ್ಕಿಯಾದ. "ಅಯ್ಯೋ, ಅಲ್ಲ ರೀ... ಎಲ್ಲಿ ನೀವು ನಂಗೆ ತಂಗಿ ಆಗ್ಬಿಡ್ತೀರೋ ಅಂತ... ಆ ಭಯಕ್ಕೆ ನಿದ್ದೇನೇ ಇಲ್ಲ!"

ಅವಳು ಸರಕ್ಕನೆ ಬಗ್ಗಿ ಸೂಜಿಗೆ ದಾರ ಪೋಣಿಸತೊಡಗಿದಳು.

ಒಳಗಿನಿಂದ ಅತ್ತೆ ನಗುತ್ತಾ ಬಂದಳು. "ಅಲ್ಲಾ ಮೇಷ್ಟ್ರೇ, ನನ್ನ ಕೇಳೋಕೆ ಬಾಯಿಗೇನಾಗಿತ್ತು?"

"ನೀವು 'ಹೌದು, ತಂಗೀನೇ' ಅಂದ್ಬಿಟ್ರೆ?"

"ಒಳ್ಳೇ ಧೈರ್ಯ! ನಮ್ಮಪ್ಪನ ಕಾಲದಲ್ಲಿ ಡೇರೆ ಹೊಲಿಯೋಕೆ ಏಳು ಕಡೆಯಿಂದ ಏಳು ಜನ ಬಂದು ಒಂದೇ ಕೋಣೇಲಿ ಕೂತ್ರು. ಜನ ಆ ಕೋಣೆನ ಏಳುಸೂಜಿ ಅಂದ್ರು. ಕೋಣೆ ಹೆಸರೇ ಏಳೂ ಮನೆಗೆ ಅಂಟಿಕೊಳ್ತು. ನಿಮ್ಮ ತಾತ ಯಾವ ಕೈಲಿ ಹೊಲೀತಿದ್ರು?"

"ಎಡಗೈಲಿ."

"ಆ ಏಳು ಜನರಲ್ಲಿ ಎಡಗೈ ಅಂದ್ರೆ ಅವರೊಬ್ಬರೇ, ನದಿಯಾಚೆಯೋರು! ನಮ್ಮಪ್ಪ ಬೆಟ್ಟದ ಕಡೆಯೋರು. ನಿಮಗೂ ಇವಳಿಗೂ ನೆಂಟಸ್ತನವೇ ಇಲ್ಲ... ಬೇಕಾದ್ರೆ ಇನ್ನು ಮಾಡ್ಕೊಳ್ಳಿ!"

ಅತ್ತೆ ಬೇಕೆಂದೇ ಒಳಗೆ ಹೋದಳು.

ಅವಳು ತಲೆಯೆತ್ತಲಿಲ್ಲ. "ಇನ್ನೂ ಪ್ರಶ್ನೆ ಉಳಿದಿದ್ಯಾ?"

"ಒಂದೇ ಒಂದು..." ಅವನು ಒಂದು ಹೆಜ್ಜೆ ಮುಂದೆ ಬಂದ. "ನನ್ನ ಮನೆತನದ ಹೆಸರು ಇಟ್ಕೋತೀರಾ?"

ಅವಳ ತುಟಿಯಂಚಿನಲ್ಲಿ ನಗು ಮೂಡಿತು.

"ಹುಟ್ಟಿದಾಗಲೇ ಇಟ್ಕೊಂಡಿದ್ದೀನಲ್ಲ... ನೀವೇ ತಡವಾಗಿ ಬಂದ್ರಿ."